ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು, ಅದನ್ನ ತೀರ್ಮಾನಿಸೋದು ಯಾರು?

ಗೂಗಲ್‌ನಲ್ಲಿ ಕೇಳಿದರೆ ಒಂದು ಸಂಖ್ಯೆ ಬರತ್ತೆ, ಟಿಕೆಟ್‌ನಲ್ಲಿ ಇನ್ನೊಂದು ಇರತ್ತೆ, ವಿಮಾನ ನಿಜಕ್ಕೂ ಹಾರಿದ್ದು ಮೂರನೇ ಸಂಖ್ಯೆ. ಈ ಮೂರರ ನಡುವಿನ ಅಂತರದಲ್ಲಿ ಭೂಗೋಳ ಇದೆ, ಗಾಳಿ ಇದೆ, ಯುದ್ಧ ಇದೆ, ವೀಸಾ ಕೂಡ ಇದೆ. ಎರಡು ಐಟಿ ನಗರಗಳ ನಡುವಿನ ಹಾದಿಯ ಪೂರ್ತಿ ಲೆಕ್ಕ ಇಲ್ಲಿದೆ.

ಒಂದೇ ನೋಟದಲ್ಲಿ

- ನೇರ ದೂರ (ಭೂಮಿಯ ಮೇಲ್ಮೈ ಗುಂಟ): ಸುಮಾರು 14,000 ಕಿ.ಮೀ.
- ವಿಮಾನ ನಿಜಕ್ಕೂ ಹಾರುವ ದೂರ: ದಾರಿ ನೋಡಿಕೊಂಡು 16,000 ಕಿ.ಮೀ.ವರೆಗೂ ಹೋಗಬಹುದು
- ತಡೆರಹಿತ ವಿಮಾನದಲ್ಲಿ: ಹೋಗಲು ಸುಮಾರು 16 ಗಂಟೆ, ಬರಲು 17 ಗಂಟೆಗೂ ಹೆಚ್ಚು
- ಒಂದು ಕಡೆ ಇಳಿದು ಹತ್ತುವುದಾದರೆ: ಸಾಮಾನ್ಯವಾಗಿ 21ರಿಂದ 26 ಗಂಟೆ
- ಸಮಯದ ವ್ಯತ್ಯಾಸ: ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ. ಮುಂದಿರುವುದು ಬೆಂಗಳೂರು

14,000 ಕಿ.ಮೀ. ಅನ್ನೋ ಲೆಕ್ಕ ಎಲ್ಲಿಂದ ಬಂತು?

ಶಾಲೆಯ ಗೋಡೆ ಮೇಲಿನ ಭೂಪಟ ನೋಡಿದರೆ ಬೆಂಗಳೂರಿನಿಂದ ಅಮೆರಿಕಕ್ಕೆ ಪಶ್ಚಿಮ ದಿಕ್ಕಲ್ಲಿ ಹೋಗಬೇಕು ಅನ್ನಿಸತ್ತೆ: ಅರಬ್ಬಿ ಸಮುದ್ರ, ಯುರೋಪ್, ಅಟ್ಲಾಂಟಿಕ್. ಆದರೆ ಭೂಮಿ ಚಪ್ಪಟೆ ಅಲ್ಲ. ಒಂದು ಗ್ಲೋಬ್ ತಗೊಂಡು ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೇ ಹೊರಡತ್ತೆ, ಸ್ವಲ್ಪ ಮಾತ್ರ ಪೂರ್ವಕ್ಕೆ ವಾಲಿಕೊಂಡು. ನೇಪಾಳ, ಟಿಬೆಟ್, ಪಶ್ಚಿಮ ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಸವರಿ, ಅಲಾಸ್ಕಾ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯತ್ತೆ. ಇದಕ್ಕೆ ಮಹಾವೃತ್ತದ ದಾರಿ ಅಂತಾರೆ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಇದೇ. ಅಂತರ್ಜಾಲದ ದೂರ ಲೆಕ್ಕ ಹಾಕುವ ತಾಣಗಳು ಕೊಡೋದು ಈ ಸಂಖ್ಯೆಯನ್ನೇ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ದಾರಿ ಉತ್ತರ ಧ್ರುವದ ಕಡೆಯಿಂದ ಹೋಗೋದರಿಂದ, ಉತ್ತರದಲ್ಲಿರುವ ಊರು ಅಮೆರಿಕಕ್ಕೆ ಹತ್ತಿರ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 12,400 ಕಿ.ಮೀ. ಅಂದ್ರೆ ಬೆಂಗಳೂರಿಗಿಂತ 1,600 ಕಿ.ಮೀ. ಕಡಿಮೆ, ಸುಮಾರು ಎರಡು ಗಂಟೆಯ ಹಾರಾಟ. ‘ಸಿಲಿಕಾನ್ ಕಣಿವೆ’ಯ ಜೊತೆ ಹೆಚ್ಚು ವ್ಯವಹಾರ ಇರೋದು ಬೆಂಗಳೂರಿಗೆ, ಆದರೆ ಭೂಗೋಳ ಅನುಕೂಲ ಮಾಡಿಕೊಟ್ಟಿರೋದು ದೆಹಲಿಗೆ. ಸಾಲದ್ದಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು. ತುಂಬಿದ ಟ್ಯಾಂಕ್ ಹೊತ್ತು ಮೇಲೇಳಲು ವಿಮಾನ ಹೆಚ್ಚು ತಿಣುಕಬೇಕು.

ಹಾಗಿದ್ರೆ ಆ ದಾರೀಲೇ ಯಾಕೆ ಹೋಗಲ್ಲ?

ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು, ಯಾಕಂದ್ರೆ ತಲೆ ಮೇಲಿಂದ ಬೀಳುವ ಮಾಸ್ಕ್‌ನಲ್ಲಿ ಇರೋದು ಹತ್ತಿಪ್ಪತ್ತು ನಿಮಿಷದ ಆಮ್ಲಜನಕ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಅಂದ್ರೆ ಸುಮಾರು 14,800 ಅಡಿ. ಇಳಿಯಲು ಜಾಗವೇ ಇಲ್ಲ. ಹಾಗಾಗಿ ವಿಮಾನಗಳು ಸಾಮಾನ್ಯವಾಗಿ ಅದನ್ನ ಬಳಸಿ ಹೋಗ್ತವೆ.

ಎರಡನೆಯದು ಗಾಳಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯತ್ತೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನ್ ಕಡೆ, ಇದರ ವೇಗ ಗಂಟೆಗೆ 200–300 ಕಿ.ಮೀ. ಮುಟ್ಟೋದುಂಟು. ಅದು ಬೆನ್ನಿಗಿದ್ರೆ ಲಾಭ, ಎದುರಿಗಿದ್ರೆ ನಷ್ಟ.

ಇದಕ್ಕೆ ಒಳ್ಳೆ ಉದಾಹರಣೆ 2016ರ ಅಕ್ಟೋಬರ್‌ನದು. ಅಲ್ಲಿವರೆಗೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಮೇಲಿಂದ ಹೋಗ್ತಿತ್ತು. ಆ ತಿಂಗಳು ಅದು ದಾರಿ ಬದಲಿಸಿ ಪೆಸಿಫಿಕ್ ಮೇಲಿಂದ ಹಾರಿತು. ಹಾರಿದ ದೂರ ಸುಮಾರು 15,300 ಕಿ.ಮೀ., ಹಳೆ ದಾರಿಗಿಂತ 1,400 ಕಿ.ಮೀ. ಜಾಸ್ತಿ. ಹಿಡಿದ ಸಮಯ ಹದಿನಾಲ್ಕೂವರೆ ಗಂಟೆ, ಹಳೆ ದಾರಿಗಿಂತ ಸುಮಾರು ಎರಡು ಗಂಟೆ ಕಡಿಮೆ. ಸುತ್ತು ಹಾಕಿ ಬೇಗ ತಲುಪಿದರು. ಅಂದ್ರೆ ಕಿಲೋಮೀಟರ್ ನೋಡಿ ಸಮಯ ಹೇಳೋಕಾಗಲ್ಲ. ವಿಮಾನ ಸಂಸ್ಥೆ ಹುಡುಕೋದು ಅತಿ ಚಿಕ್ಕ ದಾರಿಯನ್ನಲ್ಲ, ಅತಿ ಕಡಿಮೆ ಇಂಧನ ಕುಡಿಯುವ ದಾರಿಯನ್ನ.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ತಡೆರಹಿತ ಸೇವೆ ಶುರುವಾಗಿದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಬರೀ ಮಹಿಳೆಯರೇ ಇದ್ದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಉತ್ತರ ಧ್ರುವದ ಮೇಲಿಂದ ಸುಮಾರು 16,000 ಕಿ.ಮೀ. ಹಾರಿ ದೇವನಹಳ್ಳಿಯಲ್ಲಿ ಇಳಿಯಿತು.

ಮಾಯವಾದ ಭಾನುವಾರ

ಆ ಮೊದಲ ವಿಮಾನ ಅಲ್ಲಿಂದ ಹೊರಟಿದ್ದು ಜನವರಿ 9, ಶನಿವಾರ ರಾತ್ರಿ. ಇಲ್ಲಿ ಇಳಿದಿದ್ದು ಜನವರಿ 11, ಸೋಮವಾರ ಬೆಳಗಿನ ಜಾವ. ಹಾರಿದ್ದು 17 ಗಂಟೆ ಚಿಲ್ಲರೆ, ಆದರೆ ಕ್ಯಾಲೆಂಡರ್‌ನಲ್ಲಿ ಭಾನುವಾರವೇ ಕಾಣೆ. ಹಾರಾಟದ 17 ಗಂಟೆಗೆ ಸಮಯದ ವ್ಯತ್ಯಾಸದ ಹದಿಮೂರೂವರೆ ಗಂಟೆ ಸೇರಿಸಿದರೆ ಲೆಕ್ಕ ಸರಿಯಾಗತ್ತೆ.

ಹೋಗುವಾಗ ಇದರ ಉಲ್ಟಾ. ಚಳಿಗಾಲದಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಇಳಿಯುವಾಗ ಅದೇ ದಿನ ಸಂಜೆ ನಾಲ್ಕೂವರೆ. ಗಡಿಯಾರದ ಪ್ರಕಾರ ಇಡೀ ಪ್ರಯಾಣ ಎರಡೂವರೆ ಗಂಟೆ!

ವ್ಯತ್ಯಾಸ ವರ್ಷವಿಡೀ ಒಂದೇ ಇರಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನ ಒಂದು ಗಂಟೆ ಮುಂದಕ್ಕೆ ಇಡ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಅಲ್ಲಿನ ತಂಡದ ಜೊತೆ ರಾತ್ರಿ ಮೀಟಿಂಗ್‌ಗೆ ಕೂರುವ ಬೆಂಗಳೂರಿನ ನೌಕರರಿಗೆ ಇದು ಪಾಠ ಹೇಳಬೇಕಾದ ವಿಷಯವೇ ಅಲ್ಲ. ನವೆಂಬರ್ ಬಂದ್ರೆ ಅವರ ಊಟ, ನಿದ್ದೆ ಎರಡೂ ಒಂದು ಗಂಟೆ ತಡ.

ಆಕಾಶ ಯಾರದ್ದು?

ಇಲ್ಲಿವರೆಗೆ ಹೇಳಿದ್ದೆಲ್ಲ ಭೂಗೋಳ, ಹವಾಮಾನ. ಇನ್ನು ರಾಜಕೀಯ.

1944ರ ಡಿಸೆಂಬರ್ 7ರಂದು ಶಿಕಾಗೋದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ ಮೊದಲ ವಿಧಿ ಹೇಳೋದು ಇಷ್ಟು: ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಸಾರ್ವಭೌಮ ಹಕ್ಕಿದೆ. ಸಮುದ್ರದ ಮೇಲೆ ಯಾರು ಬೇಕಾದ್ರೂ ಹಾರಬಹುದು, ಇನ್ನೊಂದು ದೇಶದ ಮೇಲೆ ಹಾಗಲ್ಲ. ಅನುಮತಿ ಬೇಕು, ಶುಲ್ಕ ಕಟ್ಟಬೇಕು. ನಿಗದಿತ ವಿಮಾನಗಳಿಗೆ ಮೇಲೆ ಹಾರಿಹೋಗುವ ಹಕ್ಕನ್ನ ಪರಸ್ಪರ ಕೊಡುವ ಇನ್ನೊಂದು ಒಪ್ಪಂದವೂ ಅಲ್ಲೇ ಹುಟ್ಟಿತು. ಆದರೆ ರಷ್ಯಾ, ಚೀನಾ ಅದರಲ್ಲಿ ಇಲ್ಲ. ಭಾರತದಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಎಳೆದ ದಾರದ ಕೆಳಗೆ ಇರೋದು ಮುಖ್ಯವಾಗಿ ಈ ಎರಡು ದೇಶಗಳೇ.

ಸೈಬೀರಿಯಾದ ಮೇಲೆ ಹಾರಲು ಯುರೋಪಿನ ವಿಮಾನ ಸಂಸ್ಥೆಗಳು ದಶಕಗಳ ಕಾಲ ರಷ್ಯಾದ ಏರೋಫ್ಲಾಟ್‌ಗೆ ವರ್ಷಕ್ಕೆ ನೂರಾರು ಮಿಲಿಯನ್ ಡಾಲರ್ ಕಟ್ತಿದ್ದವು. ಉಕ್ರೇನ್ ಮೇಲಿನ ಆಕ್ರಮಣದ ನಂತರ, 2022ರ ಫೆಬ್ರವರಿ ಕೊನೆ ಮತ್ತು ಮಾರ್ಚ್ ಮೊದಲ ವಾರದಲ್ಲಿ, ಯುರೋಪಿನ ದೇಶಗಳು, ಅಮೆರಿಕ ಮತ್ತು ರಷ್ಯಾ ಪರಸ್ಪರ ಆಕಾಶ ಮುಚ್ಚಿಕೊಂಡವು. ಭಾರತ ಮುಚ್ಚಲಿಲ್ಲ, ಹಾಗಾಗಿ ರಷ್ಯಾ ಭಾರತದ ವಿಮಾನಗಳಿಗೆ ತಡೆ ಒಡ್ಡಲಿಲ್ಲ.

ಪರಿಣಾಮ ಏನಾಯ್ತು? ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಸ್ಯಾನ್ ಫ್ರಾನ್ಸಿಸ್ಕೋ–ದೆಹಲಿ ಹಾರಾಟ ನಿಲ್ಲಿಸಿತು. ಅದೇ ಸಂಸ್ಥೆ 2020ರಲ್ಲಿ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಆರಂಭವಾಗಲೇ ಇಲ್ಲ. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಘೋಷಿಸಿದ್ದ ಸಿಯಾಟಲ್–ಬೆಂಗಳೂರು ವಿಮಾನದ್ದೂ ಅದೇ ಕತೆ. ವಿದೇಶಾಂಗ ನೀತಿಯ ಒಂದು ನಿಲುವಿನಿಂದ ಒಂದು ಭಾರತೀಯ ಸಂಸ್ಥೆಗೆ ಪೈಪೋಟಿಯೇ ಇಲ್ಲದ ದಾರಿ ಸಿಕ್ಕಿತು.

ಆ ದಾರಿಗೂ ಅಪಾಯ ಇದ್ದೇ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ದೂರದ ಪೂರ್ವದ ಮಗದಾನ್‌ನಲ್ಲಿ ಇಳಿಯಬೇಕಾಯ್ತು. 216 ಪ್ರಯಾಣಿಕರು, 16 ಸಿಬ್ಬಂದಿ. ಬೇರೆ ವಿಮಾನ ಬಂದು ಕರೆದುಕೊಂಡು ಹೊರಟಿದ್ದು ಜೂನ್ 8ಕ್ಕೆ. ಅದರಲ್ಲಿ ಅಮೆರಿಕದ ನಾಗರಿಕರೂ ಇದ್ದರು. ತಮ್ಮ ದೇಶದ ವಿಮಾನ ಕಾಲಿಡಲಾಗದ ನೆಲದಲ್ಲಿ ಅವರು ಎರಡು ದಿನ ಕಳೆದರು.

ಪಕ್ಕದ ಮನೆ ಬಾಗಿಲು

ಬಾಲಾಕೋಟ್ ದಾಳಿಯ ಬೆನ್ನಿಗೆ 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತ್ತು. ಜುಲೈ 2ರ ಹೊತ್ತಿಗೇ ಏರ್ ಇಂಡಿಯಾಗೆ 491 ಕೋಟಿ ರೂಪಾಯಿ ನಷ್ಟ ಆಗಿದೆ ಅಂತ ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ಆಗ ಏರ್ ಇಂಡಿಯಾ ಸರ್ಕಾರಿ ಸಂಸ್ಥೆ. ಅಂದ್ರೆ ಅದು ನಮ್ಮ ನಿಮ್ಮ ದುಡ್ಡು.

ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನ ಮತ್ತೆ ಆಕಾಶ ಮುಚ್ಚಿತು. ವಾರದೊಳಗೆ ಭಾರತವೂ ಮುಚ್ಚಿತು. ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗುವ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಂಥ ಕಡೆ ಇಳಿಯಬೇಕಾಯ್ತು. ಒಂದು ವರ್ಷ ಹೀಗೇ ನಡೆದರೆ ಸುಮಾರು 60 ಕೋಟಿ ಡಾಲರ್ ಹೊರೆ ಬೀಳತ್ತೆ, ಸರ್ಕಾರ ನೆರವು ಕೊಡಬೇಕು ಅಂತ ಏರ್ ಇಂಡಿಯಾ ಕೇಳಿದೆಯೆಂದು ರಾಯಿಟರ್ಸ್ ವರದಿ ಮಾಡಿತು. ಈಗ ಏರ್ ಇಂಡಿಯಾ ಟಾಟಾ ಸಮೂಹದ್ದು. ಸರ್ಕಾರದ ನಿರ್ಧಾರಗಳಿಂದಾದ ನಷ್ಟವನ್ನ ಖಾಸಗಿ ಕಂಪನಿಗೆ ತೆರಿಗೆ ದುಡ್ಡಲ್ಲಿ ತುಂಬಿಕೊಡಬೇಕಾ ಅನ್ನೋದು ಚರ್ಚೆಯಾಗಬೇಕಾದ ಪ್ರಶ್ನೆ.

ಈ ಅಸ್ತ್ರವನ್ನ ಭಾರತವೂ ಬಳಸಿದೆ. 1971ರ ಜನವರಿ 30ರಂದು ‘ಗಂಗಾ’ ವಿಮಾನದ ಅಪಹರಣವಾದ ಮೇಲೆ ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳನ್ನ ನಿಷೇಧಿಸಿತು. ಆಗ ಪಾಕಿಸ್ತಾನಕ್ಕೆ ಎರಡು ತುಂಡು, ನಡುವೆ ಭಾರತ. ಕರಾಚಿಯಿಂದ ಢಾಕಾಗೆ ಹೋಗಬೇಕಾದ ವಿಮಾನಗಳು ಸಿಲೋನ್ ಸುತ್ತಿ ಹೋಗಬೇಕಾಯ್ತು; ಒಂದೇ ದೇಶದ ಎರಡು ಊರುಗಳ ನಡುವಿನ ದೂರ ರಾತ್ರೋರಾತ್ರಿ ದುಪ್ಪಟ್ಟಾಯ್ತು. ಅದೇ ವರ್ಷದ ಕೊನೆಗೆ ಬಾಂಗ್ಲಾದೇಶ ಹುಟ್ಟಿತು. ಜಗಳ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿ, ದೂರನ್ನ ವಿಚಾರಿಸುವ ಅಧಿಕಾರ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಮಂಡಳಿಗೆ ಇದೆ ಅಂತ 1972ರ ಆಗಸ್ಟ್‌ನಲ್ಲಿ ತೀರ್ಪು ಬಂತು.

ಬೆಂಗಳೂರಿನವರಿಗೆ ಒಂದು ಸಮಾಧಾನ: ಇಲ್ಲಿಂದ ಪೂರ್ವಕ್ಕೆ, ಪೆಸಿಫಿಕ್ ಮೇಲಿಂದ ಹೋಗುವ ವಿಮಾನಕ್ಕೆ ಪಾಕಿಸ್ತಾನ ಅಡ್ಡ ಬರಲ್ಲ. ಆದರೆ ಯುರೋಪ್ ಮೂಲಕ ಹೋಗುವವರು ಈ ಹೊಡೆತದಿಂದ ತಪ್ಪಿಸಿಕೊಳ್ಳೋದು ಕಷ್ಟ.

ನೇರ ವಿಮಾನ ಇಲ್ಲದಿದ್ದರೆ

ತಡೆರಹಿತ ವಿಮಾನ ದಿನವೂ ಸಿಗುವ ಬಸ್ಸಲ್ಲ. ಹೆಚ್ಚಿನವರು ನಡುವೆ ಒಂದು ಕಡೆ ಇಳಿದೇ ಹೋಗೋದು. ಒಟ್ಟು ನೇರ ದೂರ ಅಂದಾಜು ಹೀಗಿದೆ:

- ಹಾಂಗ್‌ಕಾಂಗ್ ಮೂಲಕ: 3,950 + 11,100 = ಸುಮಾರು 15,000 ಕಿ.ಮೀ.
- ದುಬೈ ಮೂಲಕ: 2,700 + 13,000 = ಸುಮಾರು 15,700 ಕಿ.ಮೀ.
- ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = ಸುಮಾರು 16,550 ಕಿ.ಮೀ.
- ಸಿಂಗಪುರ ಮೂಲಕ: 3,150 + 13,600 = ಸುಮಾರು 16,750 ಕಿ.ಮೀ.

ನೋಡಿ, ದೂರದಲ್ಲಿ ಭಾರೀ ವ್ಯತ್ಯಾಸವೇನಿಲ್ಲ. ಸಮಯ ತಿನ್ನೋದು ನಡುವಿನ ಕಾಯುವಿಕೆ. ಇನ್ನು ಯಾವ ದಾರಿಯೂ ಪೂರ್ತಿ ಸುರಕ್ಷಿತ ಅನ್ನೋಕಾಗಲ್ಲ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಯುದ್ಧದ ವೇಳೆ ಇರಾನ್ ಮೇಲಿನ ಆಕಾಶ ಮುಚ್ಚಿತು, ಜೂನ್ 23ರಂದು ಕತಾರ್ ಕೂಡ ಕೆಲ ಗಂಟೆ ಮುಚ್ಚಿತು. ಕೊಲ್ಲಿಯ ವಿಮಾನ ನಿಲ್ದಾಣಗಳಲ್ಲಿ ಜನ ಸಿಕ್ಕಿಹಾಕಿಕೊಂಡರು.

27 ಗಂಟೆಯ ಲೆಕ್ಕ

ಪ್ರಯಾಣದ ಸಮಯ ಬರೀ ಅನುಕೂಲದ ವಿಷಯ ಅಂದುಕೊಂಡವರು 2025ರ ಸೆಪ್ಟೆಂಬರ್ 20, ಶನಿವಾರವನ್ನ ನೆನಪಿಸಿಕೊಳ್ಳಬೇಕು. ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಟ್ರಂಪ್ ಎಚ್‌–1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಸಹಿ ಹಾಕಿದ್ದರು. ಜಾರಿ: ಸೆಪ್ಟೆಂಬರ್ 21ರ ರಾತ್ರಿ 12 ಗಂಟೆ 1 ನಿಮಿಷ, ಅಮೆರಿಕದ ಪೂರ್ವ ಕರಾವಳಿಯ ಸಮಯ. ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಿಗ್ಗೆ 9 ಗಂಟೆ 31 ನಿಮಿಷ. ಹೊರಗಿರುವ ನೌಕರರು ಅಷ್ಟರೊಳಗೆ ವಾಪಸ್ ಬನ್ನಿ ಅಂತ ಮೈಕ್ರೋಸಾಫ್ಟ್, ಅಮೆಜಾನ್‌ನಂಥ ಕಂಪನಿಗಳು ಸೂಚಿಸಿದವು.

ರಜೆಗೆ ಊರಿಗೆ ಬಂದಿದ್ದವರೊಬ್ಬರು ಶನಿವಾರ ಬೆಳಿಗ್ಗೆ 6ಕ್ಕೆ ಎದ್ದು ಫೋನ್ ನೋಡಿದ್ರು ಅಂದ್ಕೊಳ್ಳಿ. ಉಳಿದಿರೋದು ಇಪ್ಪತ್ತೇಳೂವರೆ ಗಂಟೆ. ಮನೆಯಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ, ಒಂದು ಕಡೆ ಇಳಿದು ಹತ್ತುವ ಪ್ರಯಾಣ 22 ಗಂಟೆ. ಒಟ್ಟು ಇಪ್ಪತ್ತಾರೂವರೆ. ಟಿಕೆಟ್ ಹುಡುಕಿ, ಬಟ್ಟೆ ತುಂಬಿ, ಅಪ್ಪ ಅಮ್ಮನಿಗೆ ಹೇಳಿ ಹೊರಡಲು ಒಂದು ಗಂಟೆ. ಅದು ಬೆಂಗಳೂರಿನವರ ಲೆಕ್ಕ. ಹಾಸನದಲ್ಲೋ ಕಲಬುರಗಿಯಲ್ಲೋ ಇದ್ದವರ ಪಾಲಿಗೆ ಬಾಗಿಲು ಆಗಲೇ ಮುಚ್ಚಿತ್ತು. ಟಿಕೆಟ್ ದರ ಗಗನಕ್ಕೇರಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲು ಸಿದ್ಧವಾಗಿದ್ದ ವಿಮಾನದಿಂದ ಜನ ಇಳಿದುಬಿಟ್ಟರು. ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಅಂತ ಶ್ವೇತಭವನ ಸ್ಪಷ್ಟಪಡಿಸಿದ್ದು ಆಮೇಲೆ. ಅಷ್ಟರಲ್ಲಿ ಎಷ್ಟೋ ಜನ ಆಕಾಶದಲ್ಲಿದ್ದರು.

ಒಂದು ಸಹಿ ಹಾಕೋಕೆ ಬೇಕಾದ್ದು ಎರಡು ಸೆಕೆಂಡ್, ಭೂಮಿ ಸುತ್ತೋಕೆ ಬೇಕಾದ್ದು ಒಂದು ದಿನ. ವಲಸಿಗನ ಅಭದ್ರತೆ ಇರೋದು ಈ ಅಂತರದಲ್ಲೇ.

ಇಂಧನದ ಬಿಲ್

ಈ ಮಾರ್ಗಕ್ಕೆ ಬಳಸಿದ ಬೋಯಿಂಗ್ 777–200ಎಲ್‌ಆರ್ ವಿಮಾನ ಗರಿಷ್ಠ 347 ಟನ್ ತೂಕದೊಂದಿಗೆ ಮೇಲೇರಬಲ್ಲದು. ಟ್ಯಾಂಕ್‌ನಲ್ಲಿ 1.8 ಲಕ್ಷ ಲೀಟರ್, ಅಂದಾಜು 145 ಟನ್ ಇಂಧನ ಹಿಡಿಯತ್ತೆ. ಅಂದ್ರೆ ತೂಕದಲ್ಲಿ ಸುಮಾರು 40 ಪಾಲು ಬರೀ ಇಂಧನ. ದೂರದ ಹಾರಾಟದ ವಿಪರ್ಯಾಸ ಇದು: ಇಂಧನ ಹೊರುವುದಕ್ಕೇ ಇಂಧನ ಉರಿಸಬೇಕು.

ಗಂಟೆಗೆ 7 ಟನ್ ಅಂತ ಹಿಡಿದರೂ 16 ಗಂಟೆಗೆ 112 ಟನ್. ಒಂದು ಟನ್ ವಿಮಾನ ಇಂಧನ ಉರಿದರೆ 3.16 ಟನ್ ಇಂಗಾಲದ ಡೈಆಕ್ಸೈಡ್. ಒಟ್ಟು ಸುಮಾರು 350 ಟನ್. 238 ಸೀಟು ತುಂಬಿದ್ದರೆ ತಲೆಗೆ ಒಂದೂವರೆ ಟನ್ ಹತ್ತಿರ, ಅದೂ ಒಂದು ಕಡೆಗೆ. ಭಾರತದಲ್ಲಿ ಒಬ್ಬರ ಸರಾಸರಿ ಹೊರಸೂಸುವಿಕೆ ಇಡೀ ವರ್ಷಕ್ಕೆ ಸುಮಾರು ಎರಡು ಟನ್. ಒಮ್ಮೆ ಹೋಗಿ ಬಂದರೆ ಒಬ್ಬ ಸಾಮಾನ್ಯ ಭಾರತೀಯನ ಒಂದೂವರೆ ವರ್ಷದ ಪಾಲು ಖಾಲಿ. ಆಕಾಶ ಮುಚ್ಚಿ ಒಂದು ಗಂಟೆ ಸುತ್ತಿದರೆ, ಅದಕ್ಕೆ ಇನ್ನೂ 20 ಟನ್‌ಗೂ ಹೆಚ್ಚು ಸೇರತ್ತೆ. ಯುದ್ಧದ ಇಂಗಾಲದ ಲೆಕ್ಕದಲ್ಲಿ ಇದನ್ನ ಯಾರ ಹೆಸರಿಗೆ ಬರೆಯೋದು?

ಟಿಕೆಟ್ ತೆಗೆಯೋ ಮುಂಚೆ

ಕೆಲವು ಸರಳ ಸೂತ್ರ. ಟಿಕೆಟ್‌ನಲ್ಲಿರುವ ಎರಡೂ ಸಮಯ ಆಯಾ ಊರಿನ ಸ್ಥಳೀಯ ಸಮಯ, ದಿನಾಂಕ ಎರಡು ಸಲ ನೋಡಿ. ‘ಡೈರೆಕ್ಟ್’ ಬೇರೆ, ‘ನಾನ್‌ಸ್ಟಾಪ್’ ಬೇರೆ: ಡೈರೆಕ್ಟ್ ಅಂದರೆ ವಿಮಾನದ ಸಂಖ್ಯೆ ಬದಲಾಗಲ್ಲ ಅಷ್ಟೇ, ನಡುವೆ ಎಲ್ಲೋ ಇಳಿಯಬಹುದು. ಯುರೋಪ್ ಮೂಲಕ ಹೋಗೋದಾದ್ರೆ ಆ ದೇಶದ ಟ್ರಾನ್ಸಿಟ್ ವೀಸಾ ಬೇಕಾ ಅಂತ ವಿಚಾರಿಸಿ. ನಡುವೆ ಎರಡು ಗಂಟೆಗಿಂತ ಕಡಿಮೆ ಅವಧಿ ಇರುವ ಟಿಕೆಟ್ ಅಗ್ಗ ಸಿಕ್ಕರೂ ಯೋಚನೆ ಮಾಡಿ. ಎರಡು ಟಿಕೆಟ್ ಬೇರೆ ಬೇರೆ ಕೊಂಡಿದ್ದರೆ ತಪ್ಪಿದ ವಿಮಾನದ ಹೊಣೆ ನಿಮ್ಮದೇ.

ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಆಗ ಅಲ್ಲಿಂದ ಬೆಂಗಳೂರಿಗೆ ಬರಬೇಕಂದ್ರೆ ಹಲವು ಕಡೆ ಇಳಿದು ಹತ್ತಿ, ದಿನಗಟ್ಟಲೆ ಪ್ರಯಾಣ. ಐವತ್ತು ವರ್ಷದಲ್ಲಿ ಇಂಜಿನ್‌ಗಳು ಆ ದೂರವನ್ನ 17 ಗಂಟೆಗೆ ಇಳಿಸಿವೆ. ಆ 17 ಗಂಟೆ ನಾಳೆಯೂ 17 ಗಂಟೆಯಾಗಿಯೇ ಇರತ್ತಾ ಅನ್ನೋದು ಮಾತ್ರ ಇಂಜಿನ್ ಕೈಯಲ್ಲಿಲ್ಲ. ಅದು ಮಾಸ್ಕೋ, ಬೀಜಿಂಗ್, ಇಸ್ಲಾಮಾಬಾದ್, ವಾಷಿಂಗ್ಟನ್ ಮತ್ತು ದೆಹಲಿಯ ಕಚೇರಿಗಳಲ್ಲಿ ತೀರ್ಮಾನ ಆಗತ್ತೆ. ಅದರಲ್ಲಿ ಒಂದು ಊರಿನ ಸರ್ಕಾರವನ್ನಾದರೂ ಪ್ರಶ್ನೆ ಕೇಳುವ ಹಕ್ಕು ನಮಗಿದೆ.